ತೂಕಕ್ಕೆ ಮಾರುವ ಮುನ್ನ

ಕಾಲೇಜುಗಳ ಭೌತವಿಜ್ಞಾನ ಪ್ರಯೋಗಶಾಲೆಗಳ ಹಿಂಬದಿಯಲ್ಲಿ ಬಹುಮಟ್ಟಿಗೆ ಒಂದು ದಾಸ್ತಾನು ಕೋಣೆ ಇದ್ದೇ ಇರುತ್ತದೆ. ಅಲ್ಲಿನ ಬೀರುಗಳಲ್ಲಿ ಧೂಳು ಹೊದ್ದು ಕುಳಿತಿರುವ ಉಪಕರಣಗಳನ್ನು ನಮ್ಮ ತರುಣ ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಕಪ್ಪು ಕವಚದ ಭಾರವಾದ ಮೀಟರು, ದುಂಡುಮುಖದ ಆಸಿಲೋಸ್ಕೋಪು, ಗುಂಡಿಗಳೆಲ್ಲ ಬಿಗಿದುಹೋಗಿರುವ ಆಂದೋಲಕ, ಇವುಗಳ ಹೆಸರಿನ ಮುಂದೆ ದಾಸ್ತಾನು ಪುಸ್ತಕದಲ್ಲಿ 'ನಿರುಪಯುಕ್ತ' ಎಂಬ ಷರಾ ಬೀಳುತ್ತದೆ. ಬಳಿಕ ಒಂದು ದಿನ ಗುಜರಿ ವ್ಯಾಪಾರಿ ಬಂದು ಅವನ್ನು ತೂಗಿ ಒಯ್ಯುತ್ತಾನೆ. ವೋಲ್ಟುಗಳನ್ನೂ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲನ್ನೂ ಅಳೆಯುತ್ತಿದ್ದ ವಸ್ತು ಕೊನೆಗೆ ತಾನೇ ಕಿಲೋಗ್ರಾಮಿನಲ್ಲಿ ಅಳೆಯಲ್ಪಡುತ್ತದೆ.

ಈ ಷರಾ ಬಹಳ ಅವಸರದಿಂದ ಬರೆಯಲ್ಪಡುತ್ತಿದೆ ಎಂಬುದು ನಮ್ಮ ಅಭಿಪ್ರಾಯ. ಉಪಕರಣ ಕೆಟ್ಟಿರುವುದು ನಿಜವಿರಬಹುದು. ಆದರೆ ಅದು ಸರಿಯಾಗಿದ್ದ ದಿನಗಳಲ್ಲಿ ಕಲಿಸಿದುದಕ್ಕಿಂತ ಹೆಚ್ಚನ್ನು ಕೆಟ್ಟ ಸ್ಥಿತಿಯಲ್ಲಿ ಕಲಿಸಬಲ್ಲದು. ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಒಂದು ಸಲವಾದರೂ ಅದರ ದೋಷವನ್ನು ಹುಡುಕಿ ನೋಡುವ ತನಕ ಅದು ನಿರುಪಯುಕ್ತವಾಯಿತೆಂದು ಹೇಳಲು ಯಾರಿಗೂ ಅಧಿಕಾರವಿಲ್ಲ.

ಇದಕ್ಕೆ ಒಡನೆಯೇ ಬರುವ ಆಕ್ಷೇಪಣೆಯನ್ನು ನಾವು ಬಲ್ಲೆವು. ಇಂದಿನ ಅಂಕೀಯ ಆಸಿಲೋಸ್ಕೋಪು ಒಂದು ಕೈಯಲ್ಲಿ ಎತ್ತಬಹುದಾದಷ್ಟು ಹಗುರ. ಒಮ್ಮೆ ಮಾತ್ರ ಮಿಂಚಿ ಮಾಯವಾಗುವ ಸ್ಪಂದವನ್ನು ಅದು ನೆನಪಿನಲ್ಲಿಟ್ಟುಕೊಂಡು ಬೇಕಾದಾಗ ತೋರಿಸುತ್ತದೆ. ಲೆಕ್ಕವನ್ನೂ ತಾನೇ ಮಾಡಿಕೊಡುತ್ತದೆ. ಹೀಗಿರುವಲ್ಲಿ ಮೂವತ್ತು ಕಿಲೋಗ್ರಾಮಿನ ಮುದಿ ಪೆಟ್ಟಿಗೆಯ ಸೇವೆ ಏತಕ್ಕೆ? ಅಳತೆಯ ನಿತ್ಯದ ಕೆಲಸಕ್ಕೆ ಹೊಸತೇ ಉತ್ತಮವೆಂಬುದನ್ನು ನಾವು ಪೂರ್ತಿಯಾಗಿ ಒಪ್ಪುತ್ತೇವೆ. ಹಳೆಯದರ ಪರವಾಗಿ ನಾವು ಹೇಳುವ ಮಾತು ಬೇರೆ. ಹೊಸ ಉಪಕರಣದ ಒಳಗೆ ಏನು ನಡೆಯುತ್ತದೆಂಬುದು ಕೆಲವು ಕಪ್ಪು ಬಿಲ್ಲೆಗಳ ಒಳಗೆ ಅಡಗಿರುತ್ತದೆ. ಅದರ ಪೂರ್ಣ ಮಂಡಲಚಿತ್ರವನ್ನು ತಯಾರಕರು ಕೊಳ್ಳುವವನ ಕೈಗೆ ಕೊಡುವುದು ಈಗ ಅಪರೂಪ. ಹಳೆಯ ಉಪಕರಣದಲ್ಲಿಯಾದರೋ ಪ್ರತಿಯೊಂದು ರೋಧಕವೂ ಪ್ರತಿಯೊಂದು ತಂತಿಯೂ ಕಣ್ಣಿಗೆ ಕಾಣುತ್ತದೆ. ಅದರೊಡನೆ ಬರುತ್ತಿದ್ದ ಕೈಪಿಡಿಯಲ್ಲಿ ಇಡೀ ಮಂಡಲದ ಚಿತ್ರ, ಯಾವ ಬಿಂದುವಿನಲ್ಲಿ ಎಷ್ಟು ವೋಲ್ಟ್ ಇರಬೇಕು, ಅಲ್ಲಿನ ತರಂಗದ ಆಕಾರ ಹೇಗಿರಬೇಕು, ಕೊನೆಗೆ ಉಪಕರಣವನ್ನು ಹೇಗೆ ಅಂಶಾಂಕಿಸಬೇಕು ಎಂಬುದೆಲ್ಲ ಮುದ್ರಿತವಾಗಿರುತ್ತಿತ್ತು. ಪಠ್ಯಪುಸ್ತಕವೂ ಪ್ರಯೋಗವೂ ಒಂದೇ ಪೆಟ್ಟಿಗೆಯಲ್ಲಿ ದೊರೆತಂತೆ.

ಒಂದು ನಿಜವಾದ ಉದಾಹರಣೆಯನ್ನು ನೋಡೋಣ. ಅಮೆರಿಕದ ಒರೆಗಾನ್ ಸಂಸ್ಥಾನದ ಪೋರ್ಟ್‌ಲ್ಯಾಂಡಿನಲ್ಲಿ ಹೊವರ್ಡ್ ವೊಲ್ಲಮ್, ಜ್ಯಾಕ್ ಮರ್ಡಾಕ್ ಮೊದಲಾದವರು 1946ರಲ್ಲಿ ಟೆಕ್‌ಟ್ರಾನಿಕ್ಸ್ ಎಂಬ ಸಂಸ್ಥೆಯನ್ನು ಕಟ್ಟಿದರು. 1947ರಲ್ಲಿ ಅವರ 511 ಎಂಬ ಆಸಿಲೋಸ್ಕೋಪು ಹೊರಬಂದಿತು. ಅದಕ್ಕೆ ಮುಂಚಿನ ಸಾಮಾನ್ಯ ಆಸಿಲೋಸ್ಕೋಪುಗಳಲ್ಲಿ ಬೆಳಕಿನ ಚುಕ್ಕೆ ಎಡದಿಂದ ಬಲಕ್ಕೆ ತನ್ನ ಪಾಡಿಗೆ ತಾನು ಓಡುತ್ತಿತ್ತು. ತರಂಗವನ್ನು ಅದರ ಓಟಕ್ಕೆ ಹೇಗೋ ಹೊಂದಿಸಿ ನಿಲ್ಲಿಸಬೇಕಾಗಿತ್ತು. ಟೆಕ್‌ಟ್ರಾನಿಕ್ಸಿನ ಉಪಕರಣದಲ್ಲಿ ಅಳೆಯಬೇಕಾದ ತರಂಗವೇ 'ಈಗ ಹೊರಡು' ಎಂದು ಚುಕ್ಕೆಗೆ ಆಜ್ಞೆ ಕೊಡುತ್ತದೆ. ಹೊರಟ ಚುಕ್ಕೆ ಒಂದು ಸೆಂಟಿಮೀಟರನ್ನು ಇಷ್ಟೇ ಕಾಲದಲ್ಲಿ ದಾಟುವುದೆಂದು ನಿಗದಿಯಾಗಿರುತ್ತದೆ. ತರಂಗವನ್ನು ನೋಡುವ ಸಾಧನ ಹೀಗೆ ಕಾಲವನ್ನು ಅಳೆಯುವ ಸಾಧನವಾಯಿತು.

ಅದೇ ವಂಶದ 545 ಎಂಬ ಮಾದರಿ 1950ರ ದಶಕದ ಮಧ್ಯದಲ್ಲಿ ಬಂದಿತು. ಅದರ ವಾಲ್ವುಗಳಿಗೆ ಐದು ಬಗೆಯ ಸ್ಥಿರ ವೋಲ್ಟೇಜುಗಳು ಬೇಕು: ಋಣ 150, ಧನ 100, 225, 350 ಮತ್ತು 500. ಈ ಐದೂ ಸ್ವತಂತ್ರವಲ್ಲ. ಮೊದಲನೆಯದಾದ ಋಣ 150 ವೋಲ್ಟನ್ನು ಒಂದು ಸಣ್ಣ ಅನಿಲ ನಳಿಕೆ ಕಾಯುತ್ತದೆ. ಆ ನಳಿಕೆಯ ಎರಡು ತುದಿಗಳ ನಡುವೆ ಹೆಚ್ಚುಕಡಮೆ 87 ವೋಲ್ಟ್ ಯಾವಾಗಲೂ ನಿಂತಿರುತ್ತದೆ. ಉಳಿದ ನಾಲ್ಕೂ ಈ ಋಣ 150ರ ಜೊತೆ ತಮ್ಮನ್ನು ಹೋಲಿಸಿಕೊಂಡು ನೆಲೆನಿಲ್ಲುತ್ತವೆ. ಈಗ, ಬಹಳ ವರ್ಷ ಸುಮ್ಮನೆ ಬಿದ್ದಿದ್ದ ಇಂಥ ಉಪಕರಣವನ್ನು ಹಚ್ಚಿದಾಗ ಗೆರೆ ಒಂದು ಮೂಲೆಗೆ ಸರಿದಿದೆ, ಕಾಲದ ಅಳತೆ ತಪ್ಪಾಗಿದೆ, ಎತ್ತರದ ಅಳತೆಯೂ ತಪ್ಪಾಗಿದೆ, ಹೊಳಪು ಕುಗ್ಗಿದೆ ಎಂದಿಟ್ಟುಕೊಳ್ಳೋಣ. ತಿಳಿಯದವನು ನಾಲ್ಕು ರೋಗಗಳಿವೆ ಎಂದುಕೊಂಡು ಕೈಗೆ ಸಿಕ್ಕ ತಿರುಪುಗಳನ್ನೆಲ್ಲ ತಿರುಗಿಸಲು ತೊಡಗುತ್ತಾನೆ. ಮಂಡಲಚಿತ್ರವನ್ನು ಓದಿದವನು ಮೊಟ್ಟಮೊದಲು ಋಣ 150ನ್ನು ಅಳೆಯುತ್ತಾನೆ. ಅದು 141ಕ್ಕೆ ಇಳಿದಿದ್ದರೆ, ಎಂದರೆ ನೂರಕ್ಕೆ ಆರರಷ್ಟು ಕುಸಿದಿದ್ದರೆ, ಧನ 100 ಸುಮಾರು 94ಕ್ಕೂ ಧನ 500 ಸುಮಾರು 470ಕ್ಕೂ ಇಳಿದಿರುತ್ತವೆ. ನಾಲ್ಕು ಲಕ್ಷಣಗಳಿಗೆ ಕಾರಣ ಒಂದೇ. ಅಲ್ಲಿನ ಒಂದು ರೋಧಕವೋ ವಾಲ್ವೋ ಬದಲಾದರೆ ಉಳಿದುದೆಲ್ಲ ತಾನಾಗಿ ಸರಿಹೋಗಬಹುದು. ಕಾರಣಕಾರ್ಯ ಸಂಬಂಧವನ್ನು ಕುರಿತು ತರಗತಿಯಲ್ಲಿ ಎಷ್ಟು ಉಪನ್ಯಾಸ ಕೇಳಿದರೂ ಇಷ್ಟು ಮನದಟ್ಟಾಗುವುದೇ?

ಇನ್ನೊಂದು ಉದಾಹರಣೆ ಇದಕ್ಕಿಂತ ಸ್ವಾರಸ್ಯವಾದದ್ದು. ವಿಲಿಯಂ ಹ್ಯೂಲೆಟ್ ಮತ್ತು ಡೇವಿಡ್ ಪ್ಯಾಕರ್ಡ್ ಎಂಬ ಇಬ್ಬರು ತರುಣ ಎಂಜಿನಿಯರುಗಳು ಕ್ಯಾಲಿಫೋರ್ನಿಯದ ಪಾಲೊ ಆಲ್ಟೊ ಊರಿನ ಒಂದು ಕಾರು ಷೆಡ್ಡಿನಲ್ಲಿ ಕೆಲಸ ಆರಂಭಿಸಿ 1939ರಲ್ಲಿ ಪಾಲುದಾರಿಕೆ ಮಾಡಿಕೊಂಡರು. ಅವರ ಮೊದಲ ಸರಕು 200ಎ ಎಂಬ ಧ್ವನಿ ಆಂದೋಲಕ. ಬೆಲೆ 54 ಡಾಲರು 40 ಸೆಂಟು. ಮರುವರ್ಷ ತೆರೆಗೆ ಬಂದ 'ಫ್ಯಾಂಟೇಸಿಯ' ಚಿತ್ರದ ಧ್ವನಿವ್ಯವಸ್ಥೆಗಾಗಿ ವಾಲ್ಟ್ ಡಿಸ್ನಿ ಸಂಸ್ಥೆ ಇದರ ಸುಧಾರಿತ ಮಾದರಿಯನ್ನು ಎಂಟರ ಸಂಖ್ಯೆಯಲ್ಲಿ ಕೊಂಡಿತು. ಆಂದೋಲಕದಲ್ಲಿ ಒಂದು ತೊಡಕು ಉಂಟು. ವರ್ಧನೆ ಸ್ವಲ್ಪ ಕಡಮೆಯಾದರೆ ಆಂದೋಲನ ಸತ್ತುಹೋಗುತ್ತದೆ. ಸ್ವಲ್ಪ ಹೆಚ್ಚಾದರೆ ಬೆಳೆಯುತ್ತ ಹೋಗಿ ತರಂಗದ ತಲೆ ಚಪ್ಪಟೆಯಾಗುತ್ತದೆ. ಹ್ಯೂಲೆಟ್ ಇದಕ್ಕೆ ಬಳಸಿದ ಉಪಾಯ ತಂತುವಿನ ಒಂದು ಪುಟ್ಟ ಬಲ್ಬು. ತರಂಗ ದೊಡ್ಡದಾದರೆ ತಂತು ಕಾಯುತ್ತದೆ, ಕಾದ ತಂತುವಿನ ರೋಧ ಏರುತ್ತದೆ, ಅದರಿಂದ ವರ್ಧನೆ ಇಳಿಯುತ್ತದೆ. ತರಂಗ ಚಿಕ್ಕದಾದರೆ ಇದರ ವಿಲೋಮ. ಬಲ್ಬು ಸಾಮಾನ್ಯವಾಗಿ ಕಣ್ಣಿಗೆ ಕಾಣುವಂತೆ ಉರಿಯುವುದಿಲ್ಲ. ಒಳಗೆ ಕುಳಿತು ತಕ್ಕಡಿ ಹಿಡಿಯುತ್ತದೆ, ಅಷ್ಟೆ. ಇದನ್ನರಿಯದವನು 'ದೀಪ ಕೆಟ್ಟಿದೆ' ಎಂದು ಬಗೆದು ಅಂಗಡಿಯಲ್ಲಿ ಸಿಕ್ಕ ಯಾವುದೋ ಬಲ್ಬನ್ನು ಹಾಕಿದನೆಂದರೆ ಸರಿಯಿದ್ದ ಆಂದೋಲಕವನ್ನು ಕೆಡಿಸಿದಂತೆ. ಲೋಹದ ರೋಧ ಉಷ್ಣತೆಯೊಡನೆ ಏರುತ್ತದೆಂಬ ವಾಕ್ಯವನ್ನು ಪ್ರೌಢಶಾಲೆಯಲ್ಲೇ ಓದಿರುತ್ತೇವೆ. ಆ ವಾಕ್ಯ ಒಂದು ದೊಡ್ಡ ಉದ್ಯಮಕ್ಕೆ ಅಡಿಗಲ್ಲಾದುದನ್ನು ಕಣ್ಣಾರೆ ಕಾಣಬೇಕಾದರೆ ಮುಚ್ಚಳ ಬಿಚ್ಚಬೇಕು.

ಇಲ್ಲಿಂದ ನಮ್ಮ ಮುಖ್ಯ ವಾದಕ್ಕೆ ಬರುತ್ತೇವೆ. ಹಳೆಯ ಉಪಕರಣಗಳ ಅಭಿಮಾನಿಗಳಲ್ಲಿಯೇ ಒಂದು ಪದ್ಧತಿ ಬೇರೂರಿದೆ. ಉಪಕರಣ ಕೈಗೆ ಬಂದೊಡನೆ ಅದರಲ್ಲಿರುವ ಕೆಪಾಸಿಟರುಗಳನ್ನೆಲ್ಲ ಕತ್ತರಿಸಿ ತೆಗೆದು ಹೊಸತನ್ನು ಹಾಕಿಬಿಡುವುದು. ಅನಂತರ ವಿದ್ಯುತ್ತು ಹಚ್ಚಿ ನೋಡುವುದು. ಇದಕ್ಕೆ ಆಧಾರವಿಲ್ಲವೆಂದು ನಾವು ಹೇಳುವುದಿಲ್ಲ. ವಿದ್ಯುದ್ವಿಭಾಜ್ಯ ಕೆಪಾಸಿಟರಿನಲ್ಲಿ ಅಲ್ಯೂಮಿನಿಯಂ ಆಕ್ಸೈಡಿನ ಅತಿ ತೆಳುವಾದ ಪೊರೆ ಅವಾಹಕವಾಗಿರುತ್ತದೆ. ವರ್ಷಗಟ್ಟಲೆ ಬಳಸದೆ ಬಿಟ್ಟರೆ ಆ ಪೊರೆ ದುರ್ಬಲವಾಗುತ್ತದೆ, ಒಳಗಿನ ದ್ರವವೂ ಒಣಗುತ್ತದೆ. ಮೇಣ ಹಚ್ಚಿದ ಕಾಗದದ ಕೆಪಾಸಿಟರುಗಳು ತೇವ ಹೀರಿ ಸೋರತೊಡಗುತ್ತವೆ. 1970ರ ದಶಕದ ಉಪಕರಣಗಳಲ್ಲಿರುವ ಟ್ಯಾಂಟಲಮ್ ಕೆಪಾಸಿಟರುಗಳು ಎಚ್ಚರಿಕೆಯಿಲ್ಲದೆ ಒಳಗೊಳಗೇ ಕೂಡಿಕೊಂಡು ಇಡೀ ವಿದ್ಯುತ್ ಪೂರೈಕೆಯನ್ನು ಅಡಗಿಸಿಬಿಡುತ್ತವೆ. ಮನೆಯ ವಿದ್ಯುತ್ತು ನೇರವಾಗಿ ಬರುವೆಡೆಯಲ್ಲಿ ಬಿರುಕುಬಿಟ್ಟ ಕೆಪಾಸಿಟರು ಕಂಡರೆ ಅದನ್ನು ಹಿಂದುಮುಂದು ನೋಡದೆ ತೆಗೆಯತಕ್ಕದ್ದೇ.

ಆದರೆ ಎಲ್ಲವನ್ನೂ ಒಟ್ಟಿಗೆ ಬದಲಿಸುವುದು ದುರಸ್ತಿಯಲ್ಲ. ಜ್ವರ ಬಂದವನ ಅಂಗಾಂಗಗಳನ್ನೆಲ್ಲ ಬದಲಿಸಿದ ವೈದ್ಯನಿಗೆ ಜ್ವರದ ಕಾರಣ ತಿಳಿಯುವ ಬಗೆ ಹೇಗೆ? ಉಪಕರಣ ಚೇತರಿಸಿಕೊಂಡರೂ ಯಾವುದರಿಂದ ಚೇತರಿಸಿತೆಂದು ಗೊತ್ತಾಗುವುದಿಲ್ಲ. ಚೇತರಿಸದಿದ್ದರೆ ಮೊದಲಿದ್ದ ಒಂದು ದೋಷದೊಡನೆ ನಾವೇ ಸೇರಿಸಿದ ಹೊಸ ದೋಷಗಳನ್ನೂ ಹುಡುಕಬೇಕಾಗುತ್ತದೆ. ಸುಮ್ಮನೆ ಮಲಗಿದ್ದ ವಿದ್ಯುದ್ವಿಭಾಜ್ಯ ಕೆಪಾಸಿಟರಿಗೆ ರೋಧಕದ ಮೂಲಕ ಅತಿ ಕಡಮೆ ವೋಲ್ಟೇಜು ಕೊಟ್ಟು, ಗಂಟೆಗಟ್ಟಲೆ ಮೆಲ್ಲಮೆಲ್ಲನೆ ಏರಿಸಿದರೆ ಆಕ್ಸೈಡಿನ ಪೊರೆ ಮತ್ತೆ ಕಟ್ಟಿಕೊಳ್ಳುವುದುಂಟು. ಸೋರಿಕೆಯ ಪ್ರವಾಹ ಇಳಿಯುತ್ತ ಬರುವುದನ್ನು ಮೀಟರಿನಲ್ಲಿ ನೋಡುತ್ತ ಗ್ರಾಫ್ ಎಳೆದ ವಿದ್ಯಾರ್ಥಿಗೆ ಅದೇ ಒಂದು ಪ್ರಯೋಗವಾಯಿತು. ಸೋರಿಕೆ ಇಳಿಯದಿದ್ದರೆ ಆಗ ಬದಲಿಸಲಿ. ಕಾರಣ ಬರೆದಿಟ್ಟು ಬದಲಿಸಲಿ.

ಅವಸರದ ಕೈ ಮಾಡುವ ಹಾನಿಗೆ ಟೆಕ್‌ಟ್ರಾನಿಕ್ಸಿನ ಆ ಹಳೆಯ ಉಪಕರಣಗಳೇ ಸಾಕ್ಷಿ. ಅವುಗಳ ಒಳಗೆ ಬಿಡಿಭಾಗಗಳನ್ನು ಪಿಂಗಾಣಿಯ ಪಟ್ಟಿಗಳ ಮೇಲಿನ ಸಣ್ಣ ಗಾಡಿಗಳಲ್ಲಿ ಸಾಲಾಗಿ ಬೆಸೆದಿರುತ್ತಾರೆ. ಆ ಗಾಡಿಗಳಿಗೆ ಬೆಳ್ಳಿಯ ಲೇಪವಿದೆ. ಸಾಮಾನ್ಯ ತವರ-ಸೀಸದ ಬೆಸುಗೆಯನ್ನು ಅಲ್ಲಿ ಮತ್ತೆ ಮತ್ತೆ ಕರಗಿಸಿದರೆ ಅದು ಬೆಳ್ಳಿಯನ್ನು ತನ್ನೊಳಗೆ ಕರಗಿಸಿಕೊಂಡು, ಪಿಂಗಾಣಿಗೂ ಲೋಹಕ್ಕೂ ಇದ್ದ ನಂಟನ್ನು ಬಿಡಿಸಿಹಾಕುತ್ತದೆ. ಹೀಗಾಗಬಾರದೆಂದೇ ಸುಮಾರು ನೂರಕ್ಕೆ ಮೂರು ಪಾಲು ಬೆಳ್ಳಿ ಸೇರಿಸಿದ ಬೆಸುಗೆ ತಂತಿಯ ಒಂದು ಪುಟ್ಟ ಸುರುಳಿಯನ್ನು ತಯಾರಕರು ಉಪಕರಣದ ಒಳಗಡೆಯೇ ಸಿಕ್ಕಿಸಿ ಕಳುಹಿಸುತ್ತಿದ್ದರು. ಮುಂದೆಂದೋ ಯಾರೋ ಇದನ್ನು ದುರಸ್ತಿ ಮಾಡುವರು ಎಂಬುದನ್ನು ಮಾರಾಟಕ್ಕೆ ಮುನ್ನವೇ ಎಣಿಸಿದ್ದ ತಯಾರಕರು ಅವರು. ಇಂದು ಅಂಟು ಹಾಕಿ ಮುಚ್ಚಿದ ಪೆಟ್ಟಿಗೆಗಳನ್ನು ಕೊಳ್ಳುವ ನಮಗೆ ಈ ಸುರುಳಿ ವಿಚಿತ್ರವಾಗಿ ಕಾಣಬಹುದು.

ಅಳತೆಯ ವಿಷಯದಲ್ಲಿಯೂ ಹಳೆಯ ಕೈಪಿಡಿಗಳು ಒಂದು ಸೂಕ್ಷ್ಮವನ್ನು ಕಲಿಸುತ್ತವೆ. ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರಾಗಿದ್ದ ಡೊನಾಲ್ಡ್ ಮೆಕಾಡಿ ಎಂಬಾತನ ಕಲ್ಪನೆಯಿಂದ 1923ರಲ್ಲಿ ಆವೋಮೀಟರು ಹುಟ್ಟಿತು. ಆಂಪಿಯರು, ವೋಲ್ಟು, ಓಮುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಅಳೆಯುವುದರಿಂದ ಆ ಹೆಸರು. ಇದರ ಎಂಟನೆಯ ಮಾದರಿ ನಮ್ಮ ದೇಶದ ಪ್ರಯೋಗಶಾಲೆಗಳಲ್ಲಿಯೂ ಬಹಳ ಕಾಲ ಬಳಕೆಯಲ್ಲಿತ್ತು. 2008ರಲ್ಲಿ ಅದರ ತಯಾರಿಕೆ ನಿಂತಿತು. ಒಂದು ವೋಲ್ಟಿಗೆ 20,000 ಓಮಿನಂತೆ ಅದರ ಒಳರೋಧ. ಈಗ 200 ವೋಲ್ಟಿಗೆ ಒಂದೊಂದು ಮೆಗಾಓಮಿನ ಎರಡು ರೋಧಕಗಳನ್ನು ಸಾಲಾಗಿ ಜೋಡಿಸಿ, ನಡುಬಿಂದುವಿನ ವೋಲ್ಟೇಜನ್ನು ಅಳೆಯೋಣ. ಅಲ್ಲಿ 100 ವೋಲ್ಟ್ ಇದೆಯೆಂದು ಗಣಿತ ಹೇಳುತ್ತದೆ. ಆವೋಮೀಟರನ್ನು 100 ವೋಲ್ಟಿನ ಶ್ರೇಣಿಯಲ್ಲಿಟ್ಟರೆ ಅದರ ಒಳರೋಧ 2 ಮೆಗಾಓಮ್. ಕೆಳಗಿನ ರೋಧಕದೊಡನೆ ಅದು ಸಮಾಂತರವಾಗಿ ಕೂಡಿಕೊಳ್ಳುವುದರಿಂದ ಮುಳ್ಳು 80ರಲ್ಲಿ ನಿಲ್ಲುತ್ತದೆ. ಇಂದಿನ ಅಂಕೀಯ ಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್; ಅದು 95 ಎನ್ನುತ್ತದೆ. ಎರಡೂ ಸುಳ್ಳು ಹೇಳುತ್ತಿಲ್ಲ. ಅಳೆಯಹೋದುದರಿಂದಲೇ ಅಳೆಯಬೇಕಾದುದು ಬದಲಾಯಿತು. 20,000 ಓಮಿನ ಮೀಟರಿನಿಂದ ಅಳೆದು ಕೈಪಿಡಿಯಲ್ಲಿ 80 ಎಂದು ಅಚ್ಚುಮಾಡಿದ್ದರೆ, ಹೊಸ ಮೀಟರಿನಲ್ಲಿ 95 ಕಂಡ ವಿದ್ಯಾರ್ಥಿ ಇಲ್ಲದ ದೋಷವನ್ನು ಬೆನ್ನಟ್ಟಿ ಒಂದು ಮಧ್ಯಾಹ್ನವನ್ನು ಕಳೆಯುತ್ತಾನೆ. ಕೈಪಿಡಿಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿರುವ 'ಇಂಥ ಮೀಟರಿನಿಂದ ಅಳೆಯಲಾಗಿದೆ' ಎಂಬ ಸಾಲನ್ನು ಓದಿದವನು ಬದುಕಿಕೊಳ್ಳುತ್ತಾನೆ.

ಅಪಾಯದ ಮಾತನ್ನು ಮರೆಸುವುದು ಅಪ್ರಾಮಾಣಿಕತೆಯಾದೀತು. ಈ ಕೆಲಸದಲ್ಲಿ ಪ್ರಾಣಕ್ಕೇ ಎರವಾಗುವ ಸಂಭವ ಉಂಟು. 100 ಮೈಕ್ರೋಫ್ಯಾರಡಿನ ಕೆಪಾಸಿಟರು 350 ವೋಲ್ಟಿಗೆ ತುಂಬಿದ್ದರೆ ಅದರಲ್ಲಿ ಆರು ಜೌಲಿಗೂ ಮಿಕ್ಕ ಶಕ್ತಿ ಇರುತ್ತದೆ. ಆರುನೂರು ಗ್ರಾಮಿನ ಕಲ್ಲು ಒಂದು ಮೀಟರು ಎತ್ತರದಿಂದ ಬಿದ್ದಾಗಿನ ಶಕ್ತಿ ಅದು; ಕ್ಷಣಾರ್ಧದಲ್ಲಿ ಎದೆಯ ಮೂಲಕ ಹರಿದರೆ ಏನಾದೀತೆಂದು ಊಹಿಸಬಹುದು. 545ರ ಕ್ಯಾಥೋಡ್ ಕಿರಣ ನಳಿಕೆಗೆ ಒಟ್ಟಿನಲ್ಲಿ ಸುಮಾರು 10,000 ವೋಲ್ಟ್ ಬೇಕು. ವಿದ್ಯುತ್ತನ್ನು ಆರಿಸಿ, ತಂತಿಯನ್ನು ಗೋಡೆಯಿಂದ ಕಿತ್ತಮೇಲೂ ಕೆಪಾಸಿಟರುಗಳು ತುಂಬಿಕೊಂಡೇ ಇರುತ್ತವೆ. ಸರಿಯಾದ ರೋಧಕದ ಮೂಲಕ ಅವನ್ನು ಬರಿದುಮಾಡಿ, ಬರಿದಾಯಿತೆಂಬುದನ್ನು ಮೀಟರಿನಿಂದ ಖಚಿತಮಾಡಿಕೊಂಡ ಮೇಲೆಯೇ ಕೈ ಇಡಬೇಕು. ಆಸಿಲೋಸ್ಕೋಪಿನ ಭೂಸಂಪರ್ಕದ ತಂತಿಯನ್ನು ಯಾವ ನೆಪದಿಂದಲೂ ಕತ್ತರಿಸಕೂಡದು. ಅಮೆರಿಕದ ಉಪಕರಣಗಳಲ್ಲಿ ಹಲವು ಅಲ್ಲಿನ 117 ವೋಲ್ಟಿಗೆ ಜೋಡಿಸಿದವು. ಟ್ರಾನ್ಸ್‌ಫಾರ್ಮರಿನ ಜೋಡಣೆಯನ್ನು ನೋಡದೆ ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ ಪಾಠ ಹೊಗೆಯಲ್ಲಿ ಮುಗಿಯುತ್ತದೆ. ಒಬ್ಬನೇ ಕುಳಿತು ಈ ಕೆಲಸವನ್ನು ಯಾರೂ ಮಾಡತಕ್ಕದ್ದಲ್ಲ. ಅನುಭವಿಯಾದ ಅಧ್ಯಾಪಕರಿಲ್ಲದ ಕಾಲೇಜಿನಲ್ಲಿ ವಾಲ್ವಿನ ಉಪಕರಣಗಳ ಮುಚ್ಚಳ ತೆರೆಯದಿರುವುದೇ ಲೇಸು. ಅಂಥಲ್ಲಿ ಬ್ಯಾಟರಿಯಿಂದ ನಡೆಯುವ ಮೀಟರುಗಳಿಂದ ಆರಂಭಿಸಬಹುದು.

ಎಲ್ಲವನ್ನೂ ದುರಸ್ತಿ ಮಾಡಬೇಕೆಂಬ ಹಟವೂ ನಮಗಿಲ್ಲ. ವಾಲ್ವಿನ ಗಾಜಿನ ಒಳಮೈಯಲ್ಲಿರುವ ಬೆಳ್ಳಿಬಣ್ಣದ ಮಚ್ಚೆ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಅದಕ್ಕೆ ಔಷಧವಿಲ್ಲ. ಕ್ಯಾಥೋಡು ಸವೆದ ಕಿರಣ ನಳಿಕೆಗೂ ಹಾಗೆಯೇ. ಒಂದೇ ಒಂದು ಉಳಿದಿರುವ ಚಾರಿತ್ರಿಕ ಉಪಕರಣವನ್ನು ನಡೆಸುವ ಉತ್ಸಾಹದಿಂದ ಅದರ ಮೂಲರೂಪವನ್ನು ಕೆಡಿಸುವುದಕ್ಕಿಂತ ಗಾಜಿನ ಪೆಟ್ಟಿಗೆಯಲ್ಲಿಡುವುದು ಮೇಲು. ಇನ್ನು ಪಾದರಸ, ಕ್ಯಾಡ್ಮಿಯಮ್‌ಗಳಿರುವ ವೆಸ್ಟನ್ ಕೋಶ, ಸೀಸ ಬೆರೆತ ಗಾಜಿನ ಕಿರಣ ನಳಿಕೆ ಮುಂತಾದವುಗಳನ್ನು ಕೈಬಿಡುವುದಾದರೂ ಗುಜರಿಯ ತಕ್ಕಡಿಗೆ ಹಾಕಬಾರದು. ಗುಜರಿ ಅಂಗಡಿಯ ಹಿತ್ತಿಲಲ್ಲಿ ಸುತ್ತಿಗೆಯಿಂದ ಅದನ್ನು ಒಡೆಯುವವನು ಕೂಡ ನಮ್ಮ ವಾಚಕರ ವಯಸ್ಸಿನ ಹುಡುಗನೇ ಆಗಿರಬಹುದು. ವಿದ್ಯುನ್ಮಾನ ತ್ಯಾಜ್ಯವನ್ನು ಕುರಿತು ನಮ್ಮ ದೇಶದಲ್ಲಿ 2022ರಲ್ಲಿ ಹೊಸ ನಿಯಮಗಳಾಗಿ 2023ರ ಏಪ್ರಿಲಿನಿಂದ ಜಾರಿಗೆ ಬಂದಿವೆ. ಅವುಗಳಂತೆ ನೋಂದಾಯಿತರಾದವರಿಗೇ ಒಪ್ಪಿಸತಕ್ಕದ್ದು.

ಬಿಡಿಭಾಗಗಳು ಎಲ್ಲಿ ಸಿಗುತ್ತವೆ ಎಂದು ಕೇಳುವವರಿಗೆ ಒಂದು ಮಾತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಯನ್ನೂ 1962ರಲ್ಲಿ ಜರ್ಮೇನಿಯಮ್ ಅರೆವಾಹಕಗಳ ತಯಾರಿಕೆಯನ್ನೂ ಕೈಗೊಂಡಿತು. ಆ ಮುದ್ರೆಯ ವಾಲ್ವುಗಳು ಹಳೆಯ ದಾಸ್ತಾನುಗಳಲ್ಲಿ ಈಗಲೂ ಹೊರಬರುವುದುಂಟು. ನಗರದ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ತಾಳ್ಮೆಯಿಂದ ಕೇಳಿದರೆ ರೋಧಕ, ಕೆಪಾಸಿಟರುಗಳಿಗೆ ಕೊರತೆಯಾಗದು. ವಸ್ತುಗಳಿಗಿಂತ ಬೇಗ ಮುಗಿದುಹೋಗುತ್ತಿರುವುದು ಇವನ್ನು ಬಲ್ಲ ಜನ. ಈ ಉಪಕರಣಗಳೊಡನೆ ಬಾಳಿದ ಪ್ರಯೋಗಶಾಲಾ ಸಹಾಯಕರಲ್ಲಿ ಬಹುಮಂದಿ ನಿವೃತ್ತರಾಗಿದ್ದಾರೆ. ಪೋರ್ಟ್‌ಲ್ಯಾಂಡ್ ಪ್ರದೇಶದಲ್ಲಿ ಟೆಕ್‌ಟ್ರಾನಿಕ್ಸಿನ ನಿವೃತ್ತ ಕೆಲಸಗಾರರೇ ಸೇರಿ ತಮ್ಮ ಹಳೆಯ ಉಪಕರಣಗಳ ಸಂಗ್ರಹಾಲಯವೊಂದನ್ನು ನಡೆಸುತ್ತಿದ್ದಾರೆ. ನಮ್ಮಲ್ಲಿ ಅಂಥವರನ್ನು ಮನೆಯಿಂದ ಕರೆತಂದು ಕುರ್ಚಿ ಹಾಕಿ ಕೂರಿಸಿ ಕೇಳುವುದಕ್ಕೆ ಸಂಗ್ರಹಾಲಯದ ಅಗತ್ಯವೇನೂ ಇಲ್ಲ.

ಇದು ಮುದುಕರ ಹವ್ಯಾಸವೆಂದು ಯಾರಾದರೂ ಅಂದರೆ ಜಿಮ್ ವಿಲಿಯಮ್ಸನ ಹೆಸರನ್ನು ಹೇಳಬಹುದು. ಲೀನಿಯರ್ ಟೆಕ್ನಾಲಜಿ ಎಂಬ ಸಂಸ್ಥೆಯಲ್ಲಿದ್ದ ಈತ ತನ್ನ ಕಾಲದ ಅತ್ಯಂತ ಹೆಸರಾಂತ ಮಂಡಲ ನಿರ್ಮಾಪಕರಲ್ಲಿ ಒಬ್ಬ. ಹಳೆಯ ಆಸಿಲೋಸ್ಕೋಪುಗಳನ್ನು ಬಿಚ್ಚಿ ಸರಿಪಡಿಸುವುದೇ ಆತನಿಗೆ ಪಾಠಶಾಲೆಯಾಗಿತ್ತು. ದುರಸ್ತಿಯ ಮಹತ್ವವನ್ನು ಕುರಿತೇ ಆತ ಒಂದು ಪ್ರಬಂಧ ಬರೆದಿದ್ದಾನೆ. 2011ರಲ್ಲಿ ಆತ ತೀರಿಕೊಂಡ ಮೇಲೆ ಆತನ ಕೆಲಸದ ಮೇಜನ್ನು ಅದರ ಮೇಲಿನ ಅಸ್ತವ್ಯಸ್ತ ರಾಶಿಯ ಸಮೇತ ಕ್ಯಾಲಿಫೋರ್ನಿಯದ ಕಂಪ್ಯೂಟರ್ ಇತಿಹಾಸ ಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಟ್ಟಿದ್ದರು.

ನಮ್ಮ ಸೂಚನೆ ಇಷ್ಟೆ. ದಾಸ್ತಾನು ಪರಿಶೀಲನೆಯ ಪಟ್ಟಿಗೆ ಸಹಿ ಬೀಳುವ ಮುನ್ನ ಪ್ರತಿ ಕಾಲೇಜೂ ಒಂದೇ ಒಂದು ಉಪಕರಣವನ್ನು ಆರಿಸಿ ಎರಡನೆಯ ವರ್ಷದ ವಿದ್ಯಾರ್ಥಿಗಳ ಒಂದು ಸಣ್ಣ ತಂಡಕ್ಕೆ ಒಪ್ಪಿಸಲಿ. ಮೊದಲ ವಾರ ಅವರು ಕೈಪಿಡಿಯನ್ನು ಮಾತ್ರ ಓದಲಿ. ಬೆಸುಗೆ ಕಡ್ಡಿಯನ್ನು ಮುಟ್ಟದಿರಲಿ. ಅಳೆದುದೆಷ್ಟು, ಇರಬೇಕಾದುದೆಷ್ಟು, ಯಾವ ಮೀಟರಿನಿಂದ ಅಳೆದದ್ದು, ಯಾವ ಭಾಗವನ್ನು ಯಾವ ಕಾರಣಕ್ಕಾಗಿ ಬದಲಿಸಿದ್ದು ಎಂಬುದನ್ನು ದಿನಾಂಕದೊಡನೆ ಒಂದು ಹಾಳೆಯಲ್ಲಿ ಬರೆದು ಮುಚ್ಚಳದ ಒಳಮೈಗೆ ಅಂಟಿಸಲಿ. ತೆಗೆದ ಭಾಗಗಳನ್ನು ಒಂದು ಚೀಲದಲ್ಲಿ ಹಾಕಿ ಉಪಕರಣದೊಡನೆಯೇ ಇಡಲಿ. ಒಂದು ಶೈಕ್ಷಣಿಕ ವರ್ಷದೊಳಗೆ ದೋಷ ಸಿಗದಿದ್ದರೆ ಆ ಹಾಳೆ ಮುಂದಿನ ತಂಡಕ್ಕೆ ಹೋಗಲಿ. ಆ ತಂಡ ಮೊದಲನೆಯದು ನಿಲ್ಲಿಸಿದಲ್ಲಿಂದ ತೊಡಗಲಿ.